ಮ್ಯಾಜಿಕ್ ಅಣಬೆಯ ಚರಿತ್ರೆ ಓದುವುದು ಹೇಗೆ

ಮ್ಯಾಜಿಕ್ ಅಣಬೆ ಅಂದರೆ ತಿಂದವರಿಗೆ ದರ್ಶನಗಳು ಕಾಣಿಸುವ ಅಣಬೆ. ಇದರ ಚರಿತ್ರೆ ಹುಡುಕಿದರೆ ಮೊದಲು ಸಿಗುವುದು ಗಾರ್ಡನ್ ವಾಸನ್ ಎಂಬ ಅಮೆರಿಕದ ಬ್ಯಾಂಕರ್ ಕಥೆ. ಅದನ್ನು ಸದ್ಯ ಪಕ್ಕಕ್ಕಿಡಿ. ಮೆಕ್ಸಿಕೋದ ಒಹಾಕಾ ರಾಜ್ಯದಲ್ಲಿ ವೌತ್ಲಾ ಎಂಬ ಬೆಟ್ಟದೂರಿದೆ. ಅಲ್ಲಿನ ಮಸಾತೆಕ್ ಜನರಿಂದ ಶುರು ಮಾಡಿ.

ಮೊದಲು ಕೇಳಬೇಕಾದ್ದು ಒಂದೇ: ಅಣಬೆ ತಿನ್ನುತ್ತಿದ್ದದ್ದು ಯಾತಕ್ಕೆ? ಕಾಯಿಲೆಗೆ. ಮನೆಯಲ್ಲಿ ಯಾರಿಗೋ ಹುಷಾರಿಲ್ಲ, ಕಾರಣ ಗೊತ್ತಾಗುತ್ತಿಲ್ಲ ಅಂದಾಗ ವೈದ್ಯೆಯನ್ನು ಕರೆಸುತ್ತಿದ್ದರು. ರಾತ್ರಿ ಹೊತ್ತು, ಕೋಪಾಲ್ ಎಂಬ ಮರದಂಟಿನ ಧೂಪ ಹಾಕಿ, ಕ್ರೈಸ್ತ ಸಂತರ ಚಿತ್ರಗಳ ಮುಂದೆ ಅಣಬೆಗಳನ್ನು ಜೋಡಿ ಜೋಡಿಯಾಗಿ ಎಣಿಸಿ ಕೊಡುತ್ತಿದ್ದರು, ಆಮೇಲೆ ದೀಪ ಆರಿಸಿ ಕತ್ತಲಲ್ಲೇ ಗಂಟೆಗಟ್ಟಲೆ ಹಾಡು. ಈ ಜಾಗರಣೆಗೆ ಸ್ಪ್ಯಾನಿಷ್‌ನಲ್ಲಿ ವೆಲಾದಾ ಅನ್ನುತ್ತಾರೆ. ಮರಿಯಾ ಸಬೀನಾ ಎಂಬ ವೈದ್ಯೆ 1958ರಲ್ಲಿ ಒಬ್ಬ ಹುಡುಗನಿಗಾಗಿ ನಡೆಸಿದ ವೆಲಾದಾ ಧ್ವನಿಮುದ್ರಣವಾಗಿದೆ, ಅನುವಾದವೂ ಇದೆ. ಬೇರೆಲ್ಲದಕ್ಕಿಂತ ಮುಂಚೆ ಅದನ್ನು ಓದಿ. ಹುಡುಗ ಉಳಿಯುವುದಿಲ್ಲ ಅಂತ ಆಕೆಗೆ ಆ ರಾತ್ರಿಯೇ ಕಂಡಿತು, ಮುಂದೆ ಅವನು ತೀರಿಯೂ ಹೋದ. ಇದನ್ನು ಓದಿದ ಮೇಲೆ ಸುಮ್ನೆ ಮಜಾಕ್ಕೆ ತಿನ್ನುವ ವಸ್ತು ಅಂತ ಯಾರಾದರೂ ಬರೆದರೆ ನಿಮಗೇ ಸಿಟ್ಟು ಬರುತ್ತದೆ.

ಎರಡನೆಯದು, ಬರೆದವರು ಯಾರು ಅಂತ ನೋಡಿ. 16ನೇ ಶತಮಾನದ ಸ್ಪ್ಯಾನಿಷ್ ಪಾದ್ರಿ ಸಹಾಗುನ್, ಮೆಕ್ಸಿಕೋದ ಮೂಲನಿವಾಸಿಗಳಾದ ಆಸ್ಟೆಕ್ ಜನ ಅಣಬೆಯನ್ನು ಜೇನಿನ ಜೊತೆ ತಿನ್ನುತ್ತಿದ್ದರು ಅಂತ ದಾಖಲಿಸಿದ್ದಾನೆ. ವಿವರ ತಗೊಳ್ಳಿ, ಅವನ ತೀರ್ಪನ್ನು ಬಿಡಿ, ಯಾಕೆಂದರೆ ಅವನು ಹೋಗಿದ್ದೇ ಆ ಧರ್ಮವನ್ನು ಅಳಿಸಲು. ತಜ್ಞರನ್ನೂ ಹಾಗೇ ನಂಬಬೇಡಿ. 1915ರಲ್ಲಿ ಸ್ಯಾಫರ್ಡ್ ಎಂಬ ಸಸ್ಯಶಾಸ್ತ್ರಜ್ಞ ಅಂಥ ಅಣಬೆಯೇ ಇಲ್ಲ, ಅದು ಒಣಗಿದ ಪೆಯೋಟೆ ಕಳ್ಳಿ ಅಂದುಬಿಟ್ಟ. ವೌತ್ಲಾದಲ್ಲಿ ಜನ ಆಗಲೂ ಅಣಬೆ ತಿನ್ನುತ್ತಲೇ ಇದ್ದರು! 1930ರ ದಶಕದಲ್ಲಿ ಸಂಶೋಧಕರು ಅಲ್ಲಿಗೇ ಹೋದಾಗಷ್ಟೇ ತಪ್ಪು ಹೊರಬಿತ್ತು.

ಈಗ ವಾಸನ್ ಕಡೆ ಬನ್ನಿ. 1955ರ ಜೂನ್‌ನಲ್ಲಿ, ದೂರದಲ್ಲಿರುವ ಮಗನ ಚಿಂತೆ ಅಂತ ನೆಪ ಹೇಳಿ ಮರಿಯಾ ಸಬೀನಾಳ ವೆಲಾದಾದಲ್ಲಿ ಕೂತ. 1957ರಲ್ಲಿ ಲೈಫ್ ಪತ್ರಿಕೆಯಲ್ಲಿ ಬರೆದ. ಆಕೆಯ ಹೆಸರು ಬದಲಿಸಿದ್ದ, ಆದರೆ ಫೋಟೋಗಳಿದ್ದವಲ್ಲ. 60ರ ದಶಕದಲ್ಲಿ ಹಿಪ್ಪಿಗಳು ಸಾಲುಗಟ್ಟಿ ಬಂದರು, ಪೊಲೀಸರು ಬಂದರು, ಆಕೆಯ ಮನೆಗೆ ಬೆಂಕಿ ಬಿತ್ತು. ಆಕೆ 1985ರಲ್ಲಿ ಬಡವಳಾಗಿಯೇ ತೀರಿಕೊಂಡಳು. ದೇವರನ್ನು ಹುಡುಕಲಿಕ್ಕೆ ಅಂತ ಮೊದಲು ಯಾರೂ ಅಣಬೆ ತಿಂದಿರಲಿಲ್ಲ, ಕಾಯಿಲೆಯವರಿಗಾಗಿ ಮಾತ್ರ ತಿನ್ನುತ್ತಿದ್ದೆವು ಎಂದು ಆಕೆಯೇ ಹೇಳಿದ್ದಳು. ಹಾಫ್‌ಮನ್ ಎಂಬ ಸ್ವಿಸ್ ರಸಾಯನಶಾಸ್ತ್ರಜ್ಞ 1958ರಲ್ಲಿ ಈ ಅಣಬೆಯಿಂದ ದರ್ಶನ ತರಿಸುವ ಸೈಲೋಸೈಬಿನ್ ಎಂಬ ರಾಸಾಯನಿಕ ಬೇರ್ಪಡಿಸಿದ್ದನ್ನು ಎಲ್ಲರೂ ಬರೆಯುತ್ತಾರೆ, ಆಕೆಯ ಈ ಮಾತನ್ನು ಬರೆಯುವವರು ಕಡಿಮೆ. ನನ್ನ ಪ್ರಕಾರ ಇದನ್ನು ಬಿಟ್ಟ ಲೇಖನ ಅರ್ಧ ಲೇಖನ.

ಕೊನೆಗೆ ನಮ್ಮ ವಾಟ್ಸಾಪ್‌ಗಳಲ್ಲಿ ಜಾಸ್ತಿ ಓಡಾಡುವ ಸೋಮರಸದ ಮಾತು. ಸೋಮ ಅಂದರೆ ಅಣಬೆ ಎಂದು 1968ರಲ್ಲಿ ವಾದಿಸಿದವನೂ ಇದೇ ವಾಸನ್. ಅವನು ಹೇಳಿದ್ದು ಬಿಳಿ ಚುಕ್ಕೆಯ ಕೆಂಪು ಅಣಬೆ, ಅದರಲ್ಲಿ ಸೈಲೋಸೈಬಿನ್ ಇಲ್ಲವೇ ಇಲ್ಲ. ಸಂಸ್ಕೃತ ವಿದ್ವಾಂಸರಲ್ಲಿ ಹಲವರು ಒಪ್ಪಲಿಲ್ಲ. ಋಗ್ವೇದದಲ್ಲಿ ಸೋಮವನ್ನು ಜಜ್ಜಿ, ಉಣ್ಣೆಯಲ್ಲಿ ಸೋಸಿ, ಹಾಲು ಬೆರೆಸುತ್ತಾರೆ; ಇಷ್ಟರಿಂದಲೇ ಅದು ಅಣಬೆ ಅಂತ ಹೇಳಲಾಗದು. ಫಾರ್ವರ್ಡ್ ಬಂದರೆ ಕಳಿಸಿದವರಿಗೆ ಎರಡು ಪ್ರಶ್ನೆ ಹಾಕಿ: ಯಾವ ಅಣಬೆ? ಋಗ್ವೇದದ ಯಾವ ಸೂಕ್ತ?

ಓದಿದ್ದನ್ನು ಕಾಡಲ್ಲಿ ಪ್ರಯೋಗ ಮಾಡಲು ಮಾತ್ರ ಹೋಗಬೇಡಿ. ಸೈಲೋಸೈಬಿನ್ ಮಾದಕ ವಸ್ತು ತಡೆಯುವ ನಮ್ಮ ಎನ್‌ಡಿಪಿಎಸ್ ಕಾಯ್ದೆಯ ಪಟ್ಟಿಯಲ್ಲಿದೆ, ಮತ್ತು ಜೀವ ತೆಗೆಯುವ ವಿಷದ ಅಣಬೆಗಳು ನೋಡಲಿಕ್ಕೆ ಹಾಗೇ ಇರುತ್ತವೆ.