ಊರ ಕೆರೆಯ ಹಕ್ಕಿಗಳಿಗೆ ಅನುದಾನ ತರುವುದು ಹೇಗೆ?

ಗದಗ ಜಿಲ್ಲೆಯ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದ ಮೇಲೆ, ಚಳಿಗಾಲದಲ್ಲಿ ಬಾತುಗಳು ಬಂದಿಳಿಯುವ ಬೇರೆ ಊರಿನವರಿಗೂ ತಮ್ಮ ಕೆರೆಗೆ ಅನುದಾನ ಸಿಕ್ಕೀತೇ ಎಂದು ಅನ್ನಿಸುವುದು ಸಹಜ. ಸಿಗಬಹುದು, ಆದರೆ ಹಣ ಕೊಡುವವರು ಮೊದಲು ನೋಡುವುದು ಹಕ್ಕಿಗಳ ಚಿತ್ರಗಳನ್ನಲ್ಲ, ಕೆರೆ ಯಾರದು, ಅದನ್ನು ಬಳಸುವವರು ಒಪ್ಪಿದ್ದಾರೆಯೇ ಎಂಬುದನ್ನು.

ಆದ್ದರಿಂದ ಕೆಲಸ ಉತಾರದಿಂದ, ಅಂದರೆ ಕೆರೆಯ ಜಮೀನಿನ ದಾಖಲೆಯಿಂದ, ಆರಂಭವಾಗಬೇಕು. ಕೆರೆ ಗ್ರಾಮ ಪಂಚಾಯಿತಿಯದೋ ಸಣ್ಣ ನೀರಾವರಿ ಇಲಾಖೆಯದೋ, ಮೀನು ಹಿಡಿಯುವ ಗುತ್ತಿಗೆ ಯಾರಿಗಿದೆ ಎಂಬುದನ್ನು ದಾಖಲೆಗಳಿಂದ ಖಚಿತಪಡಿಸಿಕೊಂಡು, ಗ್ರಾಮಸಭೆಯಲ್ಲಿ ಠರಾವು ಮಾಡಿಸಿ ಅದರ ಪ್ರತಿಯನ್ನು ಅರ್ಜಿಗೆ ಲಗತ್ತಿಸಬೇಕು. ಮಾಗಡಿಯಂತೆ ಸಂರಕ್ಷಣಾ ಮೀಸಲು ಎಂದು ಘೋಷಿತವಾದ ಕಡೆ ಅರಣ್ಯ ಇಲಾಖೆಯ ಅನುಮತಿಯೂ ಬೇಕು.

ಅರ್ಜಿ ಹಾಕುವವರು ಯಾರು ಎಂಬುದು ಮುಂದಿನ ಪ್ರಶ್ನೆ. 2002ರ ಜೈವಿಕ ವೈವಿಧ್ಯ ಕಾಯ್ದೆಯಂತೆ ಪ್ರತಿ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಅನೇಕ ಕಡೆ ಅದು ಕಾಗದದ ಮೇಲಷ್ಟೇ ಇದ್ದರೂ, ಸ್ಥಳೀಯ ಜೀವವೈವಿಧ್ಯ ನಿಧಿಗೆ ಅವಕಾಶವಿರುವುದರಿಂದ ಆ ಸಮಿತಿಯನ್ನು ಚುರುಕುಗೊಳಿಸುವುದೇ ಲೇಸು. ಸಂಘದ ಮೂಲಕ ಹೋಗುವುದಾದರೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಣಿ, ಸಂಘದ ಆದಾಯಕ್ಕೂ ದಾನಿಗಳಿಗೂ ತೆರಿಗೆ ರಿಯಾಯಿತಿ ಕೊಡಿಸುವ, 12ಎ ಮತ್ತು 80ಜಿ ಎಂದೇ ರೂಢಿಯಲ್ಲಿರುವ ಆದಾಯ ತೆರಿಗೆ ಮಾನ್ಯತೆ ಬೇಕಾಗುತ್ತವೆ. 2013ರ ಕಂಪನಿ ಕಾಯ್ದೆಯು ನಿಗದಿತ ಮಟ್ಟ ಮೀರಿದ ಕಂಪನಿಗಳು ಸರಾಸರಿ ಲಾಭದ ಶೇ 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಗೆ ವೆಚ್ಚ ಮಾಡಬೇಕೆನ್ನುತ್ತದೆ. ಸಸ್ಯ ಮತ್ತು ಪ್ರಾಣಿಗಳ ರಕ್ಷಣೆಯೂ ಅದರ ಪಟ್ಟಿಯಲ್ಲಿದೆ. ಆದರೆ ಆ ಹಣ ಪಡೆಯುವ ಸಂಘಕ್ಕೆ ಕಂಪನಿ ವ್ಯವಹಾರಗಳ ಸಚಿವಾಲಯದ ಸಿಎಸ್‌ಆರ್-1 ನೋಂದಣಿಯೂ ಮೂರು ವರ್ಷಗಳ ಅನುಭವವೂ ಇರಬೇಕಾದ್ದರಿಂದ, ಹೊಸ ಯುವಕ ಸಂಘಗಳು ಹಳೆಯ ಸಂಸ್ಥೆಯೊಂದರ ಜೊತೆಗೂಡುವುದು ಒಳ್ಳೆಯದು. ವಿದೇಶಿ ಹಣಕ್ಕೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ (ಎಫ್‌ಸಿಆರ್‌ಎ) ಅನುಮತಿ ಕಡ್ಡಾಯ.

ಇನ್ನು ಹಕ್ಕಿಗಳ ಲೆಕ್ಕ. ಏಷ್ಯಾದ ನೀರುಹಕ್ಕಿ ಗಣತಿ 1987ರಿಂದ ಪ್ರತಿ ಜನವರಿಯಲ್ಲಿ ನಡೆಯುತ್ತಿದೆ. ಅದೇ ಕ್ರಮದಲ್ಲಿ, ಅದೇ ಜಾಗಗಳಲ್ಲಿ ನಿಂತು, ಅದೇ ಹೊತ್ತಿನಲ್ಲಿ ಎಣಿಸಿ, ಜೊತೆಗೆ ಕೆರೆಯ ನೀರಿನ ಮಟ್ಟವನ್ನೂ ಬರೆದಿಟ್ಟರೆ, ಹಕ್ಕಿ ಕಡಿಮೆಯಾದದ್ದು ಮಳೆಯ ಅಭಾವದಿಂದಲೋ ಬೇರೆ ತೊಂದರೆಯಿಂದಲೋ ಎಂದು ಹೇಳಲು ಆಧಾರ ಸಿಗುತ್ತದೆ.

ಅರ್ಜಿಗಳು ಹೆಚ್ಚಾಗಿ ಮುಚ್ಚಿಡುವ ಸಂಗತಿಯೆಂದರೆ ರೈತರ ನಷ್ಟ. ಪಟ್ಟೆತಲೆಯ ಹೆಬ್ಬಾತುಗಳು ಕೆರೆಯಲ್ಲಿ ತಂಗಿ ಸುತ್ತಲ ಹೊಲಗಳಲ್ಲಿ ಮೇಯುತ್ತವೆ. ಶೇಂಗಾ, ಕಡಲೆ ಬೆಳೆದವರಿಗೆ ಅವು ಅತಿಥಿಗಳಾಗಿ ಕಾಣಬೇಕೆಂದು ನಿರೀಕ್ಷಿಸುವುದು ನ್ಯಾಯವಲ್ಲ. ಯಾವ ಹೊಲಕ್ಕೆ ಯಾವ ತಿಂಗಳಲ್ಲಿ ಎಷ್ಟು ಹಾನಿ ಎಂಬುದನ್ನು ರೈತರನ್ನೇ ಕೂರಿಸಿಕೊಂಡು ನಕಾಶೆಯಲ್ಲಿ ಗುರುತಿಸಿ, ಪರಿಹಾರದ ಮಾರ್ಗವನ್ನೂ ಕಾವಲಿನ ಕೂಲಿಯನ್ನೂ ಯೋಜನೆಯಲ್ಲಿ ಸೇರಿಸಬೇಕು. ಇದನ್ನು ಬಿಟ್ಟ ಯೋಜನೆಗೆ ಊರಿನ ಬೆಂಬಲ ಬಹಳ ದಿನ ಉಳಿಯದು.

ವೆಚ್ಚದ ಪಟ್ಟಿಯಲ್ಲಿ ಹೂಳೆತ್ತುವುದನ್ನು ಮೊದಲು ಬರೆಯುವುದು ರೂಢಿ. ಕೆರೆಯನ್ನೆಲ್ಲ ಒಂದೇ ಆಳಕ್ಕೆ ತೋಡಿದರೆ ಉದ್ದ ಕಾಲಿನ ಹಕ್ಕಿಗಳು ಮೇವು ಹುಡುಕುವ ತೆಳುನೀರಿನ ಅಂಚೇ ಇಲ್ಲವಾಗುತ್ತದೆ. ಆದ್ದರಿಂದ ಎಲ್ಲಿ ಎತ್ತಬೇಕು, ಎಲ್ಲಿ ಎತ್ತಬಾರದು ಎಂಬ ನಕ್ಷೆ ಜೊತೆಗಿರಲಿ. ದೋಣಿವಿಹಾರ, ದೀಪಾಲಂಕಾರಗಳನ್ನು ಸಂರಕ್ಷಣೆಯ ಲೆಕ್ಕದಲ್ಲಿ ತೋರಿಸಬಾರದು.

ಅನುದಾನ ಸಾಮಾನ್ಯವಾಗಿ ಕಂತುಗಳಲ್ಲಿ ಬರುತ್ತದೆ; ಹಣ ಬಳಕೆಯ ಪ್ರಮಾಣಪತ್ರ ಕೊಡದೆ ಮುಂದಿನ ಕಂತು ಕೈಸೇರದು. ಪ್ರತ್ಯೇಕ ಬ್ಯಾಂಕ್ ಖಾತೆ ತೆರೆದು, ಮಣ್ಣಿನ ಕೆಲಸದ ಕಂತು ಏಪ್ರಿಲ್‌ಗೆ ಮೊದಲೇ ಬರುವಂತೆ ವೇಳಾಪಟ್ಟಿ ಹಾಕಿ: ಮುಂಗಾರು ಆರಂಭವಾದರೆ ಆ ಕೆಲಸ ಮುಂದಿನ ಬೇಸಿಗೆಯವರೆಗೆ ಕಾಯಬೇಕಾಗುತ್ತದೆ.