ಲಾರಿ ಚಕ್ರದ ನಟ್ ಜಪ್ಪಯ್ಯ ಅಂದರೂ ಬರ್ತಿಲ್ವಾ?

ಪಂಕ್ಚರ್ ಆದ ಲಾರಿ ಚಕ್ರ ಬದಲಿಸುವುದು ದೊಡ್ಡ ವಿದ್ಯೆಯೇನಲ್ಲ. ಜಾಕಿ, ನಟ್ ಬಿಚ್ಚುವ ವೀಲ್ ಪಾನ, ಸ್ಟೆಪ್ನಿ ಇದ್ದರೆ ಡ್ರೈವರ್, ಕ್ಲೀನರ್ ಇಬ್ಬರೇ ಮುಗಿಸುತ್ತಾರೆ. ತಲೆನೋವು ಶುರುವಾಗುವುದು ಹತ್ತು ನಟ್‌ಗಳಲ್ಲಿ ಒಂದೋ ಎರಡೋ ಹಟ ಹಿಡಿದಾಗ. ಆಗ ಎಲ್ಲರಿಗೂ ಹೊಳೆಯುವುದು ಒಂದೇ ಉಪಾಯ: ಇನ್ನೂ ಉದ್ದದ ಪೈಪು, ಇನ್ನೂ ಜಾಸ್ತಿ ಬಲ. ಬಲ ಬೇಕು ನಿಜ. ಆದರೆ ಅದರ ಸರದಿ ಕೊನೆಗೆ.

ನಟ್ ಕಚ್ಚಿಕೊಳ್ಳಲು ಮುಖ್ಯ ಕಾರಣ ಎರಡು. ಮೊದಲನೆಯದು ತುಕ್ಕು. ಮಲ್ಪೆ, ಮಂಗಳೂರಿನಿಂದ ಮೀನು ಹೊತ್ತು ಘಾಟಿ ಹತ್ತುವ ಲಾರಿಗಳನ್ನು ನೋಡಿ. ಐಸ್ ಕರಗಿದ ಉಪ್ಪುನೀರು ದಾರಿಯುದ್ದಕ್ಕೂ ಸೋರುತ್ತಿರುತ್ತದೆ. ಚಕ್ರಕ್ಕೆ ತಗಲಿದ ಆ ನೀರು ನಟ್ ಕೂರುವ ಸುರುಳಿ ಗೀರಿಗೆ, ಅಂದರೆ ಥ್ರೆಡ್‌ಗೆ ಇಳಿದರೆ ಮುಗಿಯಿತು. ಎರಡನೆಯದು, ಹಿಂದಿನ ಸಲ ಹಾಕಿದವರ ಅತಿ ಬಿಗಿ. ದೊಡ್ಡ ಲಾರಿಗಳ 22 ಮಿ.ಮೀ. ಸ್ಟಡ್‌ಗೆ (ನಟ್ ಹತ್ತಿಸುವ ಬೋಲ್ಟ್) ಸಾಮಾನ್ಯವಾಗಿ ಬೇಕಾದ ಬಿಗಿ ಸುಮಾರು 600 ನ್ಯೂಟನ್ ಮೀಟರ್. ಅಂದರೆ 60 ಕೆ.ಜಿ. ತೂಕದವರು ಒಂದು ಮೀಟರ್ ಉದ್ದದ ರಾಡಿನ ತುದಿಯಲ್ಲಿ ಸುಮ್ನೆ ನಿಂತಷ್ಟು. ಎರಡು ಮೀಟರ್ ಪೈಪು ತೂರಿಸಿ ಅವರೇ ನಿಂತರೆ ಬಿಗಿ ಎರಡರಷ್ಟು. ಮೇಲೆ ಹತ್ತಿ ಕುಣಿದರಂತೂ ಕೇಳುವುದೇ ಬೇಡ. ಗಾಳಿಯ ಒತ್ತಡದಿಂದ ನಟ್ ತಿರುಗಿಸುವ ಏರ್ ಗನ್ ಹಿಡಿದು ಅಳತೆಯಿಲ್ಲದೆ ಬಿಗಿದ ನಟ್‌ಗಳ ಕಥೆಯೂ ಇದೇ.

ಈಗ ಕೆಲಸಕ್ಕೆ ಬರೋಣ. ಲಾರಿ ಸಮತಟ್ಟಾದ ಗಟ್ಟಿ ನೆಲದ ಮೇಲೆ ನಿಲ್ಲಲಿ. ಹ್ಯಾಂಡ್ ಬ್ರೇಕ್ ಹಾಕಿ, ಬೇರೆ ಚಕ್ರಗಳಿಗೆ ಹಿಂದೆ ಮುಂದೆ ಮರದ ದಿಮ್ಮಿ ಕೊಡಿ. ಕಲ್ಲು ಇಟ್ಟರೆ ಕೆಲಸ ಮುಗಿದ ಮೇಲೆ ನೆನಪಿನಿಂದ ತೆಗೆಯಿರಿ. ರಸ್ತೆ ಮಧ್ಯೆ ಬಿಟ್ಟುಹೋದ ಅಂಥ ಕಲ್ಲಿಗೆ ರಾತ್ರಿ ಬಲಿಯಾಗುವುದು ಬೈಕ್ ಸವಾರ. ವಾಹನಗಳು ಭರ್ರನೆ ಹೋಗುವ ಹೆದ್ದಾರಿಯ ಅಂಚಿನಲ್ಲಿ ಸಿಕ್ಕಿಬಿದ್ದಿದ್ದರೆ ರಿಫ್ಲೆಕ್ಟರ್ ತ್ರಿಕೋನ ಇಟ್ಟು, 1033ಕ್ಕೆ ಫೋನ್ ಮಾಡಿ. ರಾಷ್ಟ್ರೀಯ ಹೆದ್ದಾರಿಯ ಸಹಾಯವಾಣಿ ಅದು.

ಜಾಕಿಗೆ ಇನ್ನೂ ಕೈ ಹಾಕಬೇಡಿ. ಚಕ್ರ ನೆಲದ ಮೇಲಿರುವಾಗಲೇ ನಟ್ ಸಡಿಲ ಮಾಡಬೇಕು, ಅದೂ ಅರ್ಧ ಸುತ್ತಷ್ಟೇ. ಜಾಕಿ ಮೇಲೆ ನಿಂತ ಲಾರಿಯಲ್ಲಿ ರಾಡಿಗೆ ತೂಕ ಬಿಟ್ಟರೆ ಲಾರಿಯೇ ಜಾರಬಹುದು.

ಟೈರನ್ನೂ ಒಮ್ಮೆ ನೋಡಿ. ಟೈರನ್ನು ಹಿಡಿದಿಡುವ ಲಾಕ್ ರಿಂಗ್ ಇರುವ ಡಿಸ್ಕ್ (ಟೈರ್ ಕೂರುವ ಕಬ್ಬಿಣದ ಚಕ್ರ) ಆಗಿದ್ದು, ಗಾಳಿ ತುಂಬಾ ಕಡಿಮೆ ಇದ್ದು ಓಡಿದ್ದರೆ, ಅಥವಾ ರಿಂಗ್ ಬಾಗಿದ್ದರೆ, ನಟ್ ಮುಟ್ಟುವ ಮೊದಲೇ ವಾಲ್ವ್ ಪಿನ್ ಬಿಚ್ಚಿ ಗಾಳಿ ಪೂರ್ತಿ ತೆಗೆಯಿರಿ. ಜೋಡಿ ಚಕ್ರವಾದರೆ ಎರಡರದ್ದೂ. ಸಿಡಿದ ರಿಂಗ್ ತಪ್ಪಿಸಿಕೊಳ್ಳಲು ಸಮಯ ಕೊಡುವುದಿಲ್ಲ.

ಇನ್ನೊಂದು ವಿಷಯ, ತಿರುಗಿಸುವ ದಿಕ್ಕು. ಕೆಲವು ಹಳೆಯ ಲಾರಿಗಳಲ್ಲಿ ಎಡಗಡೆ ಚಕ್ರಗಳಿಗೆ ಎಡ ಥ್ರೆಡ್ ಇರುತ್ತದೆ. ಅದನ್ನು ಬಿಚ್ಚಲು ಗಡಿಯಾರದ ಮುಳ್ಳಿನ ದಿಕ್ಕಿಗೇ ತಿರುಗಿಸಬೇಕು. ಸ್ಟಡ್ ತುದಿಯ ಮಣ್ಣು ಒರೆಸಿ ನೋಡಿದರೆ ‘ಎಲ್’ ಅಕ್ಷರದ ಗುರುತು ಸಿಗಬಹುದು. ಇಲ್ಲದಿದ್ದರೆ ಹೊರಗೆ ಕಾಣುವ ಥ್ರೆಡ್ ಯಾವ ಕಡೆ ಏರುತ್ತದೆ ಎಂದು ನೋಡಿ. ದಿಕ್ಕು ತಿಳಿಯದೆ ಬೆವರು ಸುರಿಸಿದರೆ ನಟ್ ಇನ್ನಷ್ಟು ಬಿಗಿಯಾಗುತ್ತದೆ, ಅಷ್ಟೇ.

ಆಮೇಲೆ ತಂತಿ ಬ್ರಷ್ಷಿನಿಂದ ಹೊರಗೆ ಕಾಣುವ ಥ್ರೆಡ್ ಉಜ್ಜಿ ತುಕ್ಕಿನ ಪುಡಿ ಉದುರಿಸಿ. ತುಕ್ಕು ಬಿಡಿಸುವ ಸ್ಪ್ರೇ ಇದ್ದರೆ ನಟ್ ಸ್ಟಡ್ ಸೇರುವ ಕಡೆ ಹೊಡೆಯಿರಿ. ಇಲ್ಲದಿದ್ದರೆ ಸ್ವಲ್ಪ ಡೀಸೆಲ್ ಬಿಡಿ. ಬ್ರೇಕ್ ಡ್ರಮ್ ಕಡೆ ಹರಿಯದಂತೆ ಬಟ್ಟೆ ಹಿಡಿಯಿರಿ. ಹದಿನೈದು ಇಪ್ಪತ್ತು ನಿಮಿಷ ಬಿಟ್ಟುಬಿಡಿ, ಟೀ ಕುಡಿಯಿರಿ. ಈ ಕಾಯುವ ಹೊತ್ತನ್ನು ಉಳಿಸಲು ಹೋಗಿಯೇ ಎಷ್ಟೋ ಸ್ಟಡ್ ಮುರಿಯುತ್ತವೆ. ಈಗಷ್ಟೇ ಶಿರಾಡಿಯಂಥ ಘಾಟಿ ಇಳಿದು ಬಂದಿದ್ದರೆ ಡ್ರಮ್ ಕೆಂಡದಂತೆ ಕಾದಿರುತ್ತದೆ. ಮೊದಲು ತಾನಾಗಿಯೇ ಆರಲಿ. ಸ್ಪ್ರೇಯೂ ಬೇಡ, ನೀರೂ ಬೇಡ.

ಈಗ ಪಾನ. ಅದು ಸರಿಯಾದ ಅಳತೆಯದ್ದೇ ಆಗಿರಬೇಕು. 32 ಮಿ.ಮೀ. ನಟ್‌ಗೆ 33ರದ್ದು ಕೂರುತ್ತದೆ, ಆದರೆ ಬಲ ಬಿದ್ದಾಗ ಮೂಲೆ ಸವೆಸುತ್ತದೆ. ಪಾನವನ್ನು ತುದಿಯವರೆಗೆ ಒತ್ತಿ ಕೂರಿಸಿ. ಎಡಗಡೆಗೆ ತಿರುಗಿ ಬಿಚ್ಚುವ ನಟ್ ಆದರೆ ರಾಡ್ ನಿಮ್ಮ ಎಡಕ್ಕೆ, ನೆಲಕ್ಕೆ ಸಮಾನಾಂತರವಾಗಿ ಇರಲಿ. ಆಗ ಕೆಳಕ್ಕೆ ಒತ್ತಿದರೆ ಸಾಕು. ಮೇಲಕ್ಕೆ ಎಳೆದರೆ ಸೊಂಟ ಹಿಡಿಯುತ್ತದೆ. ಉದ್ದನೆಯ ಪಾನದಲ್ಲಿ ಒಂದು ತೊಂದರೆ ಇದೆ. ರಾಡ್ ತೂರಿಸುವ ಅದರ ಹೊರ ತುದಿಗೆ ತೂಕ ಬಿದ್ದರೆ ಪಾನ ಕೆಳಕ್ಕೆ ಬಾಗಿ ನಟ್‌ನಿಂದ ಜಾರುತ್ತದೆ. ಹಾಗಾಗಿ ಆ ತುದಿಯ ಅಡಿಗೆ ಇನ್ನೊಂದು ಜಾಕಿಯನ್ನೋ ದಿಮ್ಮಿಯನ್ನೋ ಆನಿಸಿ, ಪಾನ ನೇರವಾಗಿ ನಿಲ್ಲಲಿ. ಹೀಗೆ ಮಾಡಿದರೆ ಅರ್ಧ ಬಲಕ್ಕೇ ಬರುವ ನಟ್‌ಗಳಿವೆ, ನೋಡಿ ಬೇಕಾದರೆ.

ಒಮ್ಮೆಗೇ ಬಿಚ್ಚಲು ಹೋಗದೆ ಮೊದಲು ಬಿಗಿಯ ಕಡೆಗೇ ಸ್ವಲ್ಪ ಒತ್ತಿ, ಆಮೇಲೆ ಸಡಿಲದ ಕಡೆಗೆ. ತುಕ್ಕಿನ ಹಿಡಿತ ಬಿಡಲು ಇದು ಒಳ್ಳೆಯ ದಾರಿ. ನಟ್‌ನ ಪಕ್ಕಗಳಿಗೆ ಸುತ್ತಿಗೆಯಿಂದ ನಾಲ್ಕು ಏಟು ಕೊಟ್ಟರೂ ಸರಿ, ಆದರೆ ಸ್ಟಡ್ ತುದಿಗೆ ಬೇಡ. ಅದು ಚಪ್ಪಟೆಯಾದರೆ ನಟ್ ಹೊರಗೇ ಬರುವುದಿಲ್ಲ. ‘ಟಕ್’ ಎಂದು ಸದ್ದಾಗಿ ಬಿಟ್ಟುಕೊಂಡರೆ ಗೆದ್ದಿರಿ. ಸದ್ದಿಲ್ಲದೆ ಮೆತ್ತಗೆ ತಿರುಗುತ್ತಾ ಹೋದರೆ ಅನುಮಾನ ಪಡಿ, ಒಳಗೆ ಸ್ಟಡ್ ತಿರುಚುತ್ತಿರಬಹುದು.

ಗೇರ್ ಇರುವ ಕೈ ಪಾನವೂ ಸಿಗುತ್ತದೆ. ಹಿಡಿಕೆ ಹತ್ತಾರು ಸುತ್ತು ತಿರುಗಿಸಿದರೆ ನಟ್ ಒಂದು ಸುತ್ತು ಬರುತ್ತದೆ. ಅದರ ಕಾಲನ್ನು ಪಕ್ಕದ ನಟ್‌ಗೆ ಸರಿಯಾಗಿ ಆನಿಸಬೇಕು. ದುಡ್ಡು ಕೊಟ್ಟು ಕೊಳ್ಳಲು ಯೋಗ್ಯ ಅಂತಲೇ ನನ್ನ ಅಭಿಪ್ರಾಯ. ಆದರೆ ಅದನ್ನು ಬಿಚ್ಚಲು ಮಾತ್ರ ಬಳಸಿ, ಬಿಗಿಯಲು ಬೇಡ. ಎಷ್ಟು ಬಿಗಿದಿದ್ದೀರಿ ಎಂದು ಕೈಗೆ ಗೊತ್ತೇ ಆಗುವುದಿಲ್ಲ.

ಗ್ಯಾಸ್ ಹಚ್ಚಿ ಕಾಯಿಸಬಹುದಾ? ಟೈರ್ ಇರುವ ಚಕ್ರಕ್ಕೆ ಬೇಡವೇ ಬೇಡ. ಬಿಸಿಗೆ ಒಳಗಿನ ರಬ್ಬರ್ ಆವಿಯಾಗಿ, ಹೊರಗೆ ಏನೂ ಕಾಣದಿದ್ದರೂ ಟೈರ್ ಬಾಂಬಿನಂತೆ ಸಿಡಿಯಬಹುದು. ಮೂಲೆ ಸವೆದು ಗುಂಡಗಾದ ನಟ್ ಇದ್ದರೆ ಗ್ಯಾರೇಜಿಗೇ ಬಿಡಿ. ಅವರು ನಟ್ ಸೀಳುವ ಉಪಕರಣದಿಂದಲೋ ಉಳಿಯಿಂದಲೋ ತೆಗೆಯುತ್ತಾರೆ. ಸ್ಟಡ್ ಒಂದು ಮುರಿದರೆ ಅದರ ಎರಡು ಪಕ್ಕದವನ್ನೂ ಬದಲಿಸಬೇಕು, ಏಕೆಂದರೆ ಅದರ ಪಾಲಿನ ಭಾರವನ್ನೂ ಅವೇ ಹೊತ್ತು ದಣಿದಿರುತ್ತವೆ. ಎರಡು ಅಥವಾ ಹೆಚ್ಚು ಮುರಿದಿದ್ದರೆ ಆ ಚಕ್ರದ ಎಲ್ಲವನ್ನೂ.

ನಟ್‌ಗಳೆಲ್ಲ ಸಡಿಲವಾದ ಮೇಲೆ ಜಾಕಿ ಏರಿಸಿ ಚಕ್ರ ತೆಗೆಯಿರಿ. ಸ್ಟೆಪ್ನಿ ಹಾಕುವಾಗ ಡಿಸ್ಕ್ ಮತ್ತು ಹಬ್ (ಚಕ್ರ ಕೂರುವ ನಡುಭಾಗ) ಕೂಡುವ ಜಾಗದ ತುಕ್ಕು, ಮಣ್ಣು, ದಪ್ಪ ಪೇಂಟ್ ಕೆರೆದು ತೆಗೆಯಿರಿ. ನಟ್‌ಗಳನ್ನು ಮೊದಲು ಕೈಯಲ್ಲೇ ಹತ್ತಿಸಿ. ಆಮೇಲೆ ಎದುರುಬದುರಾಗಿ ಬಿಗಿಯಿರಿ, ಸಾಲಾಗಿ ಅಲ್ಲ. ಥ್ರೆಡ್‌ಗೆ ಎಣ್ಣೆ ಹಚ್ಚಬೇಕೋ ಬೇಡವೋ ಎಂಬುದು ನಟ್‌ನ ಮಾದರಿಗೆ ತಕ್ಕಂತೆ, ಲಾರಿಯ ಕೈಪಿಡಿ ನೋಡಿ. ಕೊನೆಯ ಬಿಗಿ, ಬಿಗಿಯನ್ನು ಅಳೆಯುವ ಪಾನವಾದ ಟಾರ್ಕ್ ರೆಂಚಿನಲ್ಲಿ. 50ರಿಂದ 100 ಕಿ.ಮೀ. ಓಡಿದ ಮೇಲೆ ಡಾಬಾ ಹತ್ತಿರ ನಿಲ್ಲಿಸಿದಾಗ ಮತ್ತೊಮ್ಮೆ ಪರೀಕ್ಷಿಸಿ. ನಟ್ ಬುಡದಿಂದ ಹೊರಕ್ಕೆ ಹೊಸದಾಗಿ ತುಕ್ಕಿನ ಗೆರೆ ಎಳೆದಂತೆ ಕಂಡರೆ ಅದು ಸಡಿಲವಾಗುತ್ತಿರುವ ಲಕ್ಷಣ, ಅಲ್ಲೇ ನಿಲ್ಲಿಸಿ ನೋಡಿ.