ಪಿಸ್ತೂಲಿನ ಇಸವಿಗೆ ಮುಂಚೆ ವೀಸಾ ನೋಡಿ: ಅಮೆರಿಕದಲ್ಲಿ ಹಳೆಯ ಮಿಲಿಟರಿ ಪಿಸ್ತೂಲು ಸಂಗ್ರಹ

ಅಮೆರಿಕಕ್ಕೆ ಬಂದು ವರ್ಷ ಎರಡಾಗುವಷ್ಟರಲ್ಲಿ ಆಫೀಸಿನವರು ಯಾರಾದರೂ ಒಂದು ಶನಿವಾರ ಗನ್ ಶೋಗೆ ಕರೆದೊಯ್ಯುತ್ತಾರೆ. ಮೇಜಿನ ಮೇಲೆ ಎರಡನೇ ಮಹಾಯುದ್ಧದ ಪಿಸ್ತೂಲುಗಳ ಸಾಲು, ಹಲವದರ ಮೈಮೇಲೆ ಇಸವಿಯ ಮುದ್ರೆ. ಚಿಕ್ಕಂದಿನಲ್ಲಿ ನಾಣ್ಯ, ಅಂಚೆಚೀಟಿ ಕೂಡಿಟ್ಟವರಿಗೆ ಕೈ ತುರಿಸುತ್ತದೆ. ತಡೆಯಿರಿ.

ಎಚ್-1ಬಿ, ಎಚ್-4, ಎಲ್-1, ಎಫ್-1 ಎಲ್ಲವೂ ವಲಸೆಯೇತರ ವೀಸಾಗಳು. ಇವುಗಳ ಮೇಲೆ ಇರುವವರು ಬಂದೂಕು ಇರಲಿ, ಒಂದೇ ಒಂದು ಗುಂಡು ಇಟ್ಟುಕೊಂಡರೂ ಫೆಡರಲ್ ಅಪರಾಧ. 2022ರ ತಿದ್ದುಪಡಿಯ ಮೇಲೆ ಶಿಕ್ಷೆ 15 ವರ್ಷದವರೆಗೂ ಹೋಗಬಹುದು. ಬೇಟೆಯ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಇದೆ ನಿಜ, ಆದರೆ ಶೋಕಿಗಾಗಿ ಅದನ್ನು ನೆಚ್ಚಿಕೊಂಡು ಇಮಿಗ್ರೇಷನ್ ಫೈಲನ್ನು ಪಣಕ್ಕಿಡುವುದು ನನಗಂತೂ ಸರಿ ಕಾಣದು. ವಕೀಲರನ್ನು ಕೇಳದೆ ಮುಂದುವರಿಯಬೇಡಿ. ಗೆಳೆಯನ ಹೆಸರಲ್ಲಿ ಕೊಂಡರಾಯಿತು ಅಂತೀರಾ? ಅದು ಬೇರೆಯದೇ ಅಪರಾಧ. ಗ್ರೀನ್ ಕಾರ್ಡ್ ಕೈಗೆ ಬಂದ ಮೇಲೆ ಫೆಡರಲ್ ಕಾನೂನಿನ ಈ ಅಡ್ಡಿ ಇಲ್ಲ.

ಇನ್ನು ಇಸವಿಗಳ ಮಾತು. 1898 ಅಥವಾ ಅದಕ್ಕೂ ಹಿಂದೆ ತಯಾರಾದದ್ದು ಫೆಡರಲ್ ಲೆಕ್ಕದಲ್ಲಿ ಆಂಟೀಕ್, ಬಂದೂಕೇ ಅಲ್ಲ. 1898ರ ಮಾಸರ್ ಸಿ96 ಆಂಟೀಕ್. ಮರುವರ್ಷ ಅದೇ ಕಾರ್ಖಾನೆಯಿಂದ ಹೊರಬಿದ್ದ ಅದರ ತಮ್ಮ ಬಂದೂಕು! 50 ವರ್ಷ ದಾಟಿ, ಮೂಲ ರೂಪದಲ್ಲೇ ಉಳಿದದ್ದು 'ಕ್ಯೂರಿಯೊ ಆ್ಯಂಡ್ ರೆಲಿಕ್', ಸಂಗ್ರಹಕಾರರ ಬಾಯಲ್ಲಿ 'ಸಿ ಆ್ಯಂಡ್ ಆರ್'. ಈ 50 ವರ್ಷದ ಗಡಿ ತಾನಾಗಿಯೇ ವರ್ಷಕ್ಕೊಂದು ವರ್ಷ ಮುಂದೆ ಸರಿಯುತ್ತದೆ. ಹಳೆಯದರ ಹೊಸ ನಕಲಿಗೆ ಇದು ಅನ್ವಯಿಸದು.

ಇಂಥವನ್ನು ಕೊಳ್ಳಲು ಬಂದೂಕು ನೋಡಿಕೊಳ್ಳುವ ಫೆಡರಲ್ ಇಲಾಖೆ ಎಟಿಎಫ್ 'ಟೈಪ್ 03' ಎಂಬ ಸಂಗ್ರಹಕಾರರ ಲೈಸೆನ್ಸ್ ಕೊಡುತ್ತದೆ. ವಯಸ್ಸು 21 ಆಗಿರಬೇಕು. ಶುಲ್ಕ 3 ವರ್ಷಕ್ಕೆ 30 ಡಾಲರ್. ಅರ್ಜಿಯ ಒಂದು ಪ್ರತಿ ಊರಿನ ಪೊಲೀಸ್ ಮುಖ್ಯಸ್ಥರಿಗೂ ಹೋಗಬೇಕು. ಇದಿದ್ದರೆ ಬೇರೆ ರಾಜ್ಯದಿಂದಲೂ ನೇರ ಮನೆಗೆ ತರಿಸಬಹುದು, ನಿಮ್ಮ ರಾಜ್ಯದ ಕಾನೂನು ಒಪ್ಪಿದರೆ. ನ್ಯೂಯಾರ್ಕಿನಲ್ಲಿ ಪಿಸ್ತೂಲಿಗೇ ಲೈಸೆನ್ಸ್ ಬೇಕು, ನ್ಯೂಜೆರ್ಸಿಯಲ್ಲಿ ಖರೀದಿ ಪರ್ಮಿಟ್, ಇಲಿನಾಯ್‌ನಲ್ಲಿ ಫಾಯ್ಡ್ ಕಾರ್ಡ್ ಎಂಬ ಬಂದೂಕು ಮಾಲೀಕರ ಗುರುತಿನ ಚೀಟಿ. ಬಂದದ್ದು, ಹೋದದ್ದು ಎಲ್ಲವನ್ನೂ ರಿಜಿಸ್ಟರಿನಲ್ಲಿ ಬರೆದಿಡಬೇಕು. ಕಿರಾಣಿ ಅಂಗಡಿಯ ಲೆಕ್ಕದ ಪುಸ್ತಕದ ಹಾಗೆ ಕಂಡರೂ ಎಟಿಎಫ್‌ನವರು ಅದನ್ನು ತಪಾಸಣೆಗೆ ಕೇಳಬಹುದು. ಲಾಭಕ್ಕೆ ಕೊಂಡು ಮಾರುವ ವ್ಯಾಪಾರಕ್ಕೆ ಈ ಲೈಸೆನ್ಸ್ ಅಲ್ಲ.

ಇಸವಿ ಓದುವುದೇ ಈ ಹುಚ್ಚಿನ ರುಚಿ. ಜರ್ಮನಿಯ ಲೂಗರ್ ಆದರೆ ಗುಂಡು ಕೂರುವ ಚೇಂಬರಿನ ನೆತ್ತಿಯ ಮೇಲೆ '1917', '1938' ಎಂದು ಇರುತ್ತದೆ. 1934 ಮತ್ತು 1935ರವಕ್ಕೆ ಮಾತ್ರ ಇಸವಿಯ ಬದಲು 'ಕೆ', 'ಜಿ' ಅಕ್ಷರ: ಜರ್ಮನಿ ಗುಟ್ಟಾಗಿ ಶಸ್ತ್ರ ಕೂಡಿಡುತ್ತಿದ್ದ ಕಾಲ. ಜಪಾನಿನ ನಂಬು ಟೈಪ್ 14ರ ಮೇಲೆ '19.3' ಎಂದಿದ್ದರೆ ಶೋವಾ ಎಂಬ ಜಪಾನಿ ಶಕೆಯ 19ನೇ ವರ್ಷದ ಮೂರನೇ ತಿಂಗಳು. ಶಕವರ್ಷಕ್ಕೆ 78 ಕೂಡಿಸುವ ಹಾಗೆ ಇಲ್ಲಿ 1925 ಕೂಡಿಸಿ. 1944ರ ಮಾರ್ಚ್ ಬಂತು. ಅಮೆರಿಕದ ಎಂ1911ಎ1 ಮೇಲೆ ಇಸವಿಯೇ ಇಲ್ಲ, ಸೀರಿಯಲ್ ನಂಬರನ್ನು ಪಟ್ಟಿಯಲ್ಲಿ ಹುಡುಕಬೇಕು. ಯುದ್ಧಕಾಲದಲ್ಲಿ ಇದನ್ನು ಟೈಪ್‌ರೈಟರಿನ ರೆಮಿಂಗ್ಟನ್ ರ್‍ಯಾಂಡ್ ತಯಾರಿಸಿತು, ಹೊಲಿಗೆ ಯಂತ್ರದ ಸಿಂಗರ್ ಕೂಡ ಮಾಡಿತು, ಬರೀ 500. ಅಷ್ಟು ಅಪರೂಪ ಅಂದ ಮೇಲೆ ನಕಲಿ ಮುದ್ರೆ ಹೊಡೆಯುವವರೂ ಇದ್ದೇ ಇರುತ್ತಾರೆ.

ನನಗೂ ಒಮ್ಮೆ ಟೋಪಿ ಬೀಳುವುದರಲ್ಲಿತ್ತು. ಜರ್ಮನಿಯ ಪಿ38 ಪಿಸ್ತೂಲು, ಸ್ಲೈಡಿನ (ಹಿಂದೆ ಮುಂದೆ ಸರಿಯುವ ಮೇಲ್ಭಾಗ) ಮೇಲೆ 'ಎಸಿ 44', ಅಂದರೆ ವಾಲ್ಥರ್, 1944. 'ಎಲ್ಲ ನಂಬರೂ ಮ್ಯಾಚಿಂಗ್' ಎಂದ ಮಾರುವಾತ. ಖಾಲಿ ಇದೆಯೆಂದು ಮೊದಲು ಖಾತ್ರಿ ಮಾಡಿಕೊಂಡು, ಅವನ ಒಪ್ಪಿಗೆ ಪಡೆದು ಸ್ಲೈಡ್ ಬಿಚ್ಚಿ ಭೂತಗನ್ನಡಿ ಹಿಡಿದೆ. ಸ್ಲೈಡ್, ಫ್ರೇಮ್ ಎರಡರ ನಂಬರೂ ಒಂದೇ. ಬ್ಯಾರೆಲ್ಲಿನದು ಮಾತ್ರ ಬೇರೆ, ಅಂಕಿಗಳ ಅಚ್ಚೂ ಬೇರೆ. ಬ್ಲೂಯಿಂಗ್, ಅಂದರೆ ಉಕ್ಕಿನ ಮೇಲಿನ ಕಪ್ಪು-ನೀಲಿ ಬಣ್ಣ, ಕೂಡ ತೀರ ಹೊಸದು: ಅಕ್ಷರದ ಅಂಚುಗಳು ಉಜ್ಜಿ ದುಂಡಗಾಗಿದ್ದವು. ಸವೆದ ಹಳೆಯ ಬಣ್ಣಕ್ಕೇ ಇಲ್ಲಿ ಬೆಲೆ, ಮಿರುಗುವ ಹೊಸ ಬಣ್ಣಕ್ಕಲ್ಲ. ಮನೆಗೆ ತಂದದ್ದಕ್ಕೂ ಪಾಲಿಷ್ ಹಾಕಬೇಡಿ. ಬ್ಯಾರೆಲ್ ಅಥವಾ ಫ್ರೇಮಿನ ಮೇಲೆ ಆಮದುದಾರರ ಹೆಸರು ಕೊರೆದಿದ್ದರೆ ಬೆಲೆ ಇಳಿಯುತ್ತದೆ. ಸೈನಿಕರೇ ಹೊತ್ತು ತಂದದ್ದಕ್ಕೆ, ಕಾಗದಪತ್ರ ಜೊತೆಗಿದ್ದರೆ, ಏರುತ್ತದೆ.

ಸೇನೆಯ ಹಳೆ 1911 ಪಿಸ್ತೂಲುಗಳನ್ನು ಜನರಿಗೆ ಗುರಿ ಹೊಡೆಯುವುದನ್ನು ಕಲಿಸುವ ಸಂಸ್ಥೆಯಾದ ಸಿವಿಲಿಯನ್ ಮಾರ್ಕ್ಸ್‌ಮನ್‌ಶಿಪ್ ಪ್ರೋಗ್ರಾಂ 2018ರಿಂದ ಮಾರುತ್ತಿದೆ. ಅದಕ್ಕೆ ಗ್ರೀನ್ ಕಾರ್ಡ್ ಸಾಲದು, ಪೌರತ್ವವೇ ಬೇಕು. ಟೈಪ್ 03 ಇದ್ದರೂ ಡೀಲರ್ ಮೂಲಕವೇ ಕೈಸೇರುವುದು.

ಊರಿಗೆ ವಾಪಸು ಹೊರಡುವವರು ಸಾಕಷ್ಟು ಮುಂಚೆಯೇ ಮಾರಾಟ ಶುರು ಮಾಡಿ. ಭಾರತದ 1959ರ ಶಸ್ತ್ರಾಸ್ತ್ರ ಕಾಯ್ದೆಗೆ ಅಮೆರಿಕದ ಲೈಸೆನ್ಸ್ ಲೆಕ್ಕಕ್ಕಿಲ್ಲ. ಒಂದೊಂದನ್ನೂ ಡೀಲರ್ ಕೈಗೆ ಒಪ್ಪಿಸಿ, ರಿಜಿಸ್ಟರಿನ ಬಲಗಡೆಯ 'ಹೋದದ್ದು' ಅಂಕಣದಲ್ಲಿ ತಾರೀಖು ಬರೆಯುತ್ತಾ ಬನ್ನಿ.